ಸುಂಕಮ್ಮನವರು ನೀರು ಮೂಸಿದ್ದು

ಮೇಯರ್ ಗೌನು ಇರುವುದು ಒಂದೇ.
ಹೊಲಿಸಿದ್ದು ಆರಡಿ ಆಳಿಗೆ, ಬಣ್ಣ ಕುಂಕುಮದ್ದು,
ಬೀರುವಿನ ಕೀಲಿ ದಫೇದಾರನಾದ ನನ್ನ ಉಡಿದಾರದಲ್ಲಿ.
ಸುಂಕಮ್ಮನವರಿಗೆ ಅದು ನೆಲ ಗುಡಿಸುತ್ತಿತ್ತು;
ಅಂಚು ಮಡಚಿ ನಾಲ್ಕು ಪಿನ್ನು ಚುಚ್ಚಿಕೊಟ್ಟೆ.
ತೊಡುವ ಮುನ್ನ ಕೊರಳಪಟ್ಟಿ ಮೂಗಿಗೆ ಹಿಡಿದು
"ಹಿಂದಿನವರಿಗೆ ಸಕ್ಕರೆ ಕಾಯಿಲೆ ಏನಪ್ಪ?" ಅಂದರು.
ಇತ್ತು. ಅವರ ಮನೆಯಲ್ಲೂ ತಿಳಿಯದ ಗುಟ್ಟು,
ಮಾತ್ರೆ ತಂದುಕೊಡುತ್ತಿದ್ದವನು ನಾನು.

ಆ ಮೂಗು ಕಲ್ಯಾಣದುರ್ಗದ ಕಡೆಯದು.
ಅಪ್ಪ ಕಾಟಮಯ್ಯ ಶೇಂಗಾ ಲಾರಿಯ ಮೇಲೆ ಕೂತು
ಸೊಂಟದ ಹಗ್ಗ, ಬಾಗುಗತ್ತಿ, ಸುಣ್ಣ ಬಳಿದ ಮಡಕೆ ಹಿಡಿದು
ದಾವಣಗೆರೆಗೆ ಇಳಿದಾಗ ಹತ್ತಿ ಗಿರಣಿಗಳಿಗೆ
ದಿನಕ್ಕೆ ಮೂರು ಸಲ ಕೂಗುವಷ್ಟು ಉಸಿರಿತ್ತು.
ಕೂಗು ನಿಲ್ಲುವುದರೊಳಗೆ ಗೇಟಿನಾಚೆ ಮಡಕೆ ಸಾಲು,
ಹುಬ್ಬಿಗೂ ಮೀಸೆಗೂ ಅರಳೆ ಹತ್ತಿಸಿಕೊಂಡ ಜನ.
ಕನ್ನಡ ಅವನು ಕಲಿತದ್ದು ಉದ್ರಿ ಲೆಕ್ಕದಿಂದ:
ನಾಳೆ, ಶನಿವಾರ, ಬಟವಾಡೆ, ದೇವರಾಣೆ.

ಆನಗೋಡಿನ ಹಳ್ಳದ ಈಚಲು, ನಲವತ್ತೊಂದು ಮರ.
ಪ್ರತಿ ಮಡಕೆಗೂ ಮೊದಲು ಮಗಳ ಕಿರುಬೆರಳು:
"ಇದು ಕುಂಟ ಮರದ್ದು. ಇದು ಹಾವು ಇದ್ದ ಮರದ್ದು.
ಇದಕ್ಕೆ ಯಾರೋ ನೀರು ಬೆರೆಸ್ಯಾರೆ."
"ಬೆಳಗ್ಗೆ ಹಾಲು, ಮಧ್ಯಾಹ್ನ ಹೆಂಡ, ಸಂಜೆ ಜಗಳ"
ಎನ್ನುತ್ತಿದ್ದ ಅಪ್ಪ ಸಂಜೆಯದನ್ನು ಚರಂಡಿಗೆ ಚೆಲ್ಲುತ್ತಿದ್ದ.
ಬೇರೆಯವರು ಮಾರುತ್ತಿದ್ದರು.
ಶಾಲೆಯಲ್ಲಿ ಇವಳ ಬೆಂಚಿಗೆ ಇವಳೊಬ್ಬಳೇ.

ಗಿರಣಿಗಳು ಒಂದೊಂದಾಗಿ ಬಾಯಿ ಮುಚ್ಚಿದವು.
ಆಮೇಲೆ ಸರಕಾರ ಹೆಂಡವನ್ನೂ ನಿಲ್ಲಿಸಿತು.
ಕಾಟಮಯ್ಯ ಹಗ್ಗ ಗೂಟಕ್ಕೆ ಹಾಕಿ
ಲಾಡ್ಜೊಂದರ ರಾತ್ರಿ ಕಾವಲಿಗೆ ನಿಂತ.
ಮಗಳು ಮೆಣಸಿನಕಾಯಿ ಕರಿದಳು, ಸಂಘದ ಪುಸ್ತಕ ಬರೆದಳು,
ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹೋಗಿ
ಕಮಿಷನರ್ ಕಾರಿನ ಮುಂದೆ ಖಾಲಿ ಕೊಡ ಇಟ್ಟಳು,
ವಾರ್ಡು ಗೆದ್ದಳು. ಆ ವರ್ಷದ ಮೀಸಲಾತಿಗೆ
ಪಕ್ಷದಲ್ಲಿ ಹೊಂದುವವಳು ಇವಳೇ.
ಮತ್ತೆ ಬೆಂಚಿಗೊಬ್ಬಳು.

"ಹೆಸರೇ ಸುಂಕ, ಇನ್ನು ಕಂದಾಯ ಏರಿದಂಗೇ"
ಅಂದರು ಹಿಂದಿನ ಸಾಲಿನಲ್ಲಿ. ನಕ್ಕರು.
ಇನ್ನೊಬ್ಬರು ಇನ್ನೇನೋ ಅಂದರು, ಮಡಕೆಯ ಮಾತು.
ಮೇಯರ್ ಗಂಟೆ ಒತ್ತಿದರು: "ಮುಂದಿನ ವಿಷಯ."

ಮುಂದಿನ ವಿಷಯ ನೀರು. ಚಾಳಿನ ಹಿಂದಿನ ಓಣಿಯಲ್ಲಿ
ಹನ್ನೊಂದು ಮಕ್ಕಳಿಗೆ ವಾಂತಿಭೇದಿ.
ಎಂಜಿನಿಯರ್ ಕೈಯಲ್ಲಿ ಪ್ರಯೋಗಾಲಯದ ಕಾಗದ: ಶುದ್ಧ.
ಇವರು ನಲ್ಲಿಗೆ ತಂಬಿಗೆ ಹಿಡಿದು, ಕಣ್ಣು ಮುಚ್ಚಿ ಮೂಸಿ,
ಕಿರುಬೆರಳು ಅದ್ದಿ ನಾಲಗೆಗೆ ತಾಗಿಸಿ ಉಗುಳಿದರು.
"ಹುಣಸೆ ಬೇರು. ಅದರ ಹಿಂದೆ ಪಾಯಖಾನೆ.
ಮೂರನೇ ಅಡ್ಡರಸ್ತೆ ತಿರುವಿನಾಗ ಅಗೀರಿ."
ಅಗೆದರು. ಒಡೆದ ಎರಡು ಪೈಪುಗಳು
ಬೇರಿನ ತೆಕ್ಕೆಯಲ್ಲಿ ಬಾಯಿಗೆ ಬಾಯಿ ಇಟ್ಟು ಮಲಗಿದ್ದವು.
ಎಂಜಿನಿಯರ್ ಆ ಕಾಗದವನ್ನು
ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಾ ನಿಂತರು.

ಬಾರ್ ಲೈಸೆನ್ಸಿನ ಕಡತ ಎರಡು ದಿನ ಮೇಜಿನ ಮೇಲಿತ್ತು.
ಮಾಲೀಕ ಮಿಠಾಯಿ ಡಬ್ಬಿಯ ಜೊತೆ ಬಾಟಲಿ ಇಟ್ಟ.
ಮುಚ್ಚಳ ತೆಗೆಸಿ ಮೂಸಿ ಕೇಳಿದರು:
"ಇದರಾಗ ಮರ ಯಾವುದು?"
ಅವನು ತಮಾಷೆ ಎಂದುಕೊಂಡು ನಕ್ಕ.
ಇವರು ಉತ್ತರಕ್ಕಾಗಿ ಕಾಯುತ್ತಲೇ ಇದ್ದರು.

ಒಮ್ಮೆ ಅಪ್ಪ ಬಂದ. ಲಿಫ್ಟು ಕೆಟ್ಟಿತ್ತು.
ಎಂಬತ್ತರ ಮುದುಕ ಮೂರು ಮಹಡಿ ಹತ್ತಿದ,
ಏದುಸಿರು ಬಂದದ್ದು ಜೊತೆಗಿದ್ದ ಸದಸ್ಯರಿಗೆ.
ಮಗಳ ಕುರ್ಚಿಯನ್ನು ಬೆರಳಗಂಟಿಂದ ತಟ್ಟಿ,
ಕಿವಿಯಿಟ್ಟು, ಇನ್ನೊಮ್ಮೆ ತಟ್ಟಿ ಹೇಳಿದ:
"ತೇಗ. ಇದರಾಗ ಏನೂ ಇಳಿಯಂಗಿಲ್ಲ ಬಿಡವ್ವ."
ಚಹಾ ಬೇಡ ಅಂದ. ಕೆಳಗಿಳಿಯುವಾಗ ಮಾತ್ರ
ಕಟಕಟೆಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು ಇಳಿದ.

ವರ್ಷ ಮುಗಿದ ಮಧ್ಯಾಹ್ನ ಗೌನು ಮರಳಿತು.
ಪಿನ್ನುಗಳನ್ನು ತಾವೇ ಬಿಚ್ಚಿ
ನನ್ನ ಅಂಗೈಗೆ ಎಣಿಸಿದರು, ನಾಲ್ಕು.
"ಸಂಜೆ ಆಗೋಕೆ ಮುಂಚೆ ಇಳದೆ ನೋಡಪ್ಪ."
ಆಟೋ ಹತ್ತಿ ಹೋದರು.

ಬೀರು ಹಾಕುವ ಮುನ್ನ ಆಚೀಚೆ ನೋಡಿ
ನಾನೂ ಕೊರಳಪಟ್ಟಿ ಮೂಸಿದೆ.
ಇಡೀ ಒಂದು ವರ್ಷ, ಏನಾದರೂ ಹತ್ತಿರಬೇಕಲ್ಲ.
ನನಗೆ ಅವತ್ತು ನೆಗಡಿ.